ವಾರ್ತೆ ಕೇಳಿಸುತ್ತಿದ್ದ ಫೋನನ್ನು ಲೇಖನಕ್ಕೆ ತನ್ನಿ

ನಮಸ್ಕಾರ,

'ಡಿಎಸ್‌ಎಲ್ ರಿಸೀವರ್‌ನಲ್ಲಿ ಅಡಚಣೆ ನಿವಾರಣೆ' ಅಂತ ನಮ್ಮ ಪತ್ರಿಕೆಗೆ ನೀವು ಕಳಿಸಿದ, ಫೋನ್ ತಂತಿಯಲ್ಲಿ ಬರುವ ಇಂಟರ್ನೆಟ್ ಬಗೆಗಿನ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಜೊತೆಗಿಟ್ಟ ಅರ್ಧ ಪುಟದ ಪತ್ರವನ್ನು ಇಲ್ಲಿ ಬೆಳಗಾವಿಯ ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿದೆ.

ಇಳಕಲ್ಲಿನ ನಿಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಇಂಟರ್ನೆಟ್ ಪದೇ ಪದೇ ಕಡಿದು ಹೋಗುತ್ತಿತ್ತು. ಫೋನ್ ಎತ್ತಿದರೆ ಸಣ್ಣಗೆ ಧಾರವಾಡ ಆಕಾಶವಾಣಿ. ನಿಮ್ಮ ತಾಯಿ ಅದನ್ನೇ ಕಿವಿಗಿಟ್ಟು ವಾರ್ತೆ ಕೇಳುತ್ತಿದ್ದರು! ಇಂಥದ್ದನ್ನು ಪತ್ರದಲ್ಲಿ ಬಿಟ್ಟು, ಲೇಖನವನ್ನು 'ಇಂದಿನ ಯುಗ ಮಾಹಿತಿ ತಂತ್ರಜ್ಞಾನದ ಯುಗ' ಅಂತ ಶುರು ಮಾಡಿದ್ದೀರಲ್ಲ, ಯಾಕೆ?

ತಂತಿಗೆ ನುಗ್ಗಿದ ಆ ರೇಡಿಯೋನೇ ನಿಮ್ಮ ವಿಷಯ. ಎಡಿಎಸ್‌ಎಲ್ (ಮನೆಗಳಿಗೆ ಬರುವ ಬಗೆಯ ಡಿಎಸ್‌ಎಲ್) 1.1 ಮೆಗಾಹರ್ಟ್ಸ್‌ವರೆಗಿನ ಜಾಗವನ್ನು 4.3125 ಕಿಲೋಹರ್ಟ್ಸ್ ಅಂತರದ 256 ಟೋನ್‌ಗಳಿಗೆ, ಅಂದರೆ ಡೇಟಾ ಹೊರುವ ಬೇರೆ ಬೇರೆ ಅಲೆಗಳಿಗೆ, ಹಂಚುತ್ತದೆ ಅಂತ ನೀವೇ ಬರೆದಿದ್ದೀರಿ. ಧಾರವಾಡ ಬರುವುದು 765 ಕಿಲೋಹರ್ಟ್ಸ್‌ನಲ್ಲಿ. ಸುಮ್ನೆ ಭಾಗಿಸಿ ನೋಡಿದೆ: 177.39. ಅಂದರೆ 177 ಮತ್ತು 178ನೇ ಟೋನ್‌ಗಳ ನಡುವೆ ಬಂದು ಕೂತಿದೆ. ಹಾಗಿದ್ದರೆ ಎರಡೇ ಟೋನ್ ಕೆಡಬೇಕಿತ್ತು, ಸುತ್ತಲಿನವೂ ಯಾಕೆ ಕೆಡುತ್ತವೆ? ಓದುಗರು ಕೇಳುವುದು ಇದನ್ನೇ. ನಿಮ್ಮ ಉತ್ತರ 'ವಿಂಡೋಯಿಂಗ್‌ನಿಂದ ಸೈಡ್‌ಲೋಬ್ ತಗ್ಗಿಸಲಾಗುತ್ತದೆ' ಅನ್ನುವ ಒಂದು ಸಾಲು. ಸೈಡ್‌ಲೋಬ್ ಅಂದರೆ ಪಕ್ಕದ ಟೋನ್‌ಗಳಿಗೆ ಸೋರುವ ಭಾಗ ಅಂತಲೂ ಹೇಳಿಲ್ಲ.

ಇಳಕಲ್ಲಿನವರು ನೀವು. ಮಗ್ಗದಿಂದ ಇಳಿಸಿದ ಬಟ್ಟೆಗೆ ಕತ್ತರಿ ಹಾಕಿದರೆ ತುದಿಯಲ್ಲಿ ನೂಲು ಬಿಚ್ಚಿಕೊಳ್ಳುತ್ತದೆ, ಅಲ್ವಾ? ಮೋಡೆಮ್ ಒಳಗಿನ ರಿಸೀವರ್ ಕೂಡ ಸಿಗ್ನಲ್ಲನ್ನು 512 ಸ್ಯಾಂಪಲ್‌ಗಳ (ಅಳತೆಗಳ) ತುಂಡು ಮಾಡಿಕೊಂಡು ಓದುತ್ತದೆ. ಮೋಡೆಮ್‌ನ ಟೋನ್‌ಗಳು ಆ ತುಂಡಿನೊಳಗೆ ಪೂರ್ತಿ ಸುತ್ತು ಮುಗಿಸುತ್ತವೆ. ರೇಡಿಯೋ ಅಲೆ 177 ಸುತ್ತು ಮುಗಿಸಿ ಮುಂದಿನದರ ನಡುವೆಯೇ ಕತ್ತರಿಗೆ ಸಿಗುತ್ತದೆ. ಹಾಗೆ ಬಿಚ್ಚಿಕೊಂಡ ಎಳೆಯೇ ಅಕ್ಕಪಕ್ಕದ ಟೋನ್‌ಗಳಿಗೆ ಸುತ್ತಿಕೊಳ್ಳುವುದು. ತುದಿಯಲ್ಲಿ ಸಿಗ್ನಲ್ಲನ್ನು ಥಟ್ಟನೆ ಕತ್ತರಿಸದೆ ಮೆಲ್ಲಗೆ ಇಳಿಸಿದರೆ ಎಳೆ ಅಷ್ಟು ದೂರ ಹೋಗುವುದಿಲ್ಲ. ವಿಂಡೋಯಿಂಗ್ ಅಂದರೆ ಇಷ್ಟೇ. ನನ್ನ ಹೋಲಿಕೆಯನ್ನೇ ಬಳಸಬೇಕೆಂದಿಲ್ಲ, ನಿಮಗೆ ಇದಕ್ಕಿಂತ ಒಳ್ಳೆಯದು ಹೊಳೆಯಬಹುದು.

ಐದನೇ ಪುಟದ ಉಪಾಯ ನನಗೆ ತುಂಬಾ ಹಿಡಿಸಿತು. ರೇಡಿಯೋ ಕೂತ ಟೋನ್‌ಗಳಲ್ಲಿ ಡೇಟಾ ಕಳಿಸದೆ ಖಾಲಿ ಬಿಡುವುದು. ಅಲ್ಲಿ ಬರೀ ರೇಡಿಯೋವನ್ನು ಅಳೆಯುವುದು. ಅದು ಪಕ್ಕಕ್ಕೆ ಎಷ್ಟು ಸೋರಿದೆ ಎಂದು ಲೆಕ್ಕ ಹಾಕಿ ಕಳೆಯುವುದು. ಕಳ್ಳನ ಅಂಗಳದಲ್ಲೇ ಕೂತು ಕಳ್ಳನನ್ನು ಎಣಿಸಿದ ಹಾಗೆ. ಅದನ್ನು ಮೂರು ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಒಂದು ಪುಟವಾದರೂ ಬರೆಯಿರಿ.

ಎರಡು ತಪ್ಪುಗಳಿವೆ. ಫೋನಿಗೆ ಸಿಕ್ಕಿಸುವ ಪುಟ್ಟ ಫಿಲ್ಟರ್ ಡಬ್ಬಿ ಮಾತನ್ನೂ ಡೇಟಾವನ್ನೂ ಬೇರೆ ಮಾಡುತ್ತದೆ ಅಷ್ಟೆ, ಆ ಡಬ್ಬಿಗೂ ರಿಸೀವರ್ ಒಳಗಿನ ಲೆಕ್ಕಕ್ಕೂ ಸಂಬಂಧವಿಲ್ಲ; ನೀವು ಎರಡನ್ನೂ ಬೆರೆಸಿದ್ದೀರಿ. ಇನ್ನು 'ಎಲ್ಲ ಅಡಚಣೆಯೂ ನಿವಾರಣೆಯಾಗುತ್ತದೆ' ಅನ್ನುವುದು ಜಾಹೀರಾತಿನ ಮಾತು. ಖಾಲಿ ಬಿಟ್ಟ ಟೋನ್‌ನಲ್ಲಿ ಪ್ರತಿ ತುಂಡಿಗೆ 15 ಬಿಟ್‌ವರೆಗೂ ಡೇಟಾ ಹೋಗಬಹುದಿತ್ತು. ಆ ನಷ್ಟವನ್ನೂ ಹೇಳಿ. ಸಂಜೆಯೇ ಯಾಕೆ ಜಾಸ್ತಿ ಅನ್ನುವುದಕ್ಕೆ ಒಂದು ಮಾತು ಸಾಕು: ಹಗಲಲ್ಲಿ ಮೀಡಿಯಂ ವೇವನ್ನು ಹೀರುವ ವಾತಾವರಣದ ಪದರ ಕತ್ತಲಾದ ಮೇಲೆ ಇಲ್ಲವಾಗುತ್ತದೆ, ದೂರದ ಸ್ಟೇಶನ್ನುಗಳೂ ನುಗ್ಗುತ್ತವೆ.

ಫೈಬರ್ ಬಂದಿರುವಾಗ ತಾಮ್ರದ ತಂತಿಯ ಕಥೆ ಯಾರಿಗೆ ಬೇಕು ಎಂದು ನಮ್ಮಲ್ಲೇ ಒಬ್ಬರು ಕೇಳಿದರು. ವೈಫೈ, 4ಜಿ ಕೂಡ ಹೀಗೇ ಟೋನ್‌ಗಳಾಗಿ ಹಂಚಿಕೊಂಡೇ ನಡೆಯುತ್ತವೆ ಅಂದೆ. ಸುಮ್ಮನಾದರು.

ಕ್ರಾಸ್‌ಟಾಕ್ (ಪಕ್ಕದ ತಂತಿಗಳಿಂದ ಬರುವ ಅಡಚಣೆ) ಭಾಗವನ್ನು ಪೂರ್ತಿ ತೆಗೆಯಿರಿ, ಅದು ಬೇರೆ ಲೇಖನ. ತಾಯಿಯವರ ವಾರ್ತೆ ಮೊದಲ ಪ್ಯಾರಾದಲ್ಲೇ ಬರಲಿ. ಬರುವ ತಿಂಗಳ 10ರೊಳಗೆ ಕಳಿಸಿದರೆ ಯುಗಾದಿ ಸಂಚಿಕೆಯಲ್ಲಿ ಎರಡು ಪುಟ ಇಟ್ಟಿರುತ್ತೇನೆ.