ಸ್ತನವರ್ಧನ ಶಸ್ತ್ರಚಿಕಿತ್ಸೆಯ ನಂತರದ ಮೊದಲ ವಾರಗಳು: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನನಗೆ 31 ವರ್ಷ. ಸ್ತನವರ್ಧನ ಶಸ್ತ್ರಚಿಕಿತ್ಸೆಯಾಗಿ ಒಂಬತ್ತು ದಿನಗಳಾದವು. ಸಿಲಿಕೋನ್ ಇಂಪ್ಲಾಂಟನ್ನು ಎದೆಯ ಸ್ನಾಯುವಿನ ಕೆಳಗೆ ಇಟ್ಟಿದ್ದಾರೆ. ಎರಡೂ ಸ್ತನಗಳು ಕೊರಳಿನ ಕಡೆಗೆ ಏರಿ ಕುಳಿತು ಗಟ್ಟಿಯಾಗಿವೆ. ಎಡಭಾಗ ಬಲಕ್ಕಿಂತ ಸ್ವಲ್ಪ ಮೇಲಿದೆ. ಎಡ ತೊಟ್ಟಿನ ಸುತ್ತ ಸ್ಪರ್ಶಜ್ಞಾನವೇ ಇಲ್ಲ, ಬಲಕ್ಕೆ ಬಟ್ಟೆ ತಾಗಿದರೂ ಉರಿಯುತ್ತದೆ. ಸುಮ್ಮನೆ ಕುಳಿತಿದ್ದಾಗ ಅಳು ಬರುತ್ತದೆ. ನಮ್ಮ ಡಾಕ್ಟರು “ಎಲ್ಲ ಸರಿಹೋಗುತ್ತದೆ” ಎನ್ನುತ್ತಾರೆಯೇ ಹೊರತು ಯಾವಾಗ ಎಂದು ಹೇಳುವುದಿಲ್ಲ.
– ಓದುಗರು, ಬೆಂಗಳೂರು

ಉತ್ತರ: ‘ಯಾವಾಗ’ ಎಂದು ಕೇಳುವುದು ನಿಮ್ಮ ಹಕ್ಕು, ದಿನಕ್ಕೆ ಸರಿಯಾಗಿ ಹೇಳಲಾಗದಿದ್ದರೂ ಅಂದಾಜು ಕೊಡಬಹುದು. ನೀವು ಬರೆದಿರುವುದೆಲ್ಲ ಒಂಬತ್ತನೆಯ ದಿನಕ್ಕೆ ಸಾಮಾನ್ಯವಾಗಿ ಕಾಣುವಂಥದೇ. ಇಂಪ್ಲಾಂಟನ್ನು ಸ್ನಾಯುವಿನ ಕೆಳಗೆ ಇಡಬೇಕಾದರೆ ಎದೆಯ ದೊಡ್ಡ ಸ್ನಾಯುವನ್ನು ಪಕ್ಕೆಲುಬುಗಳಿಂದ ಮೇಲೆಬ್ಬಿಸಿ, ಅದರ ಕೆಳ ಅಂಚನ್ನು ಬಿಡಿಸಿ, ಒಳಗೆ ಜಾಗ ಮಾಡಬೇಕಾಗುತ್ತದೆ. ಹೀಗೆ ಹಿಗ್ಗಿಸಲ್ಪಟ್ಟ ಸ್ನಾಯು ಮೊದಲ ಕೆಲವು ವಾರ ಬಿಗಿದುಕೊಂಡೇ ಇದ್ದು ಇಂಪ್ಲಾಂಟನ್ನು ಮೇಲಕ್ಕೆ ಒತ್ತುತ್ತದೆ. ಬಾವೂ ಸೇರಿಕೊಳ್ಳುವುದರಿಂದ ಸ್ತನ ಎತ್ತರದಲ್ಲಿ ಗಟ್ಟಿಯಾಗಿ, ಅಸಹಜವಾಗಿ ಕಾಣುತ್ತದೆ. ಬೆಳಿಗ್ಗೆ ಎದ್ದಾಗ ಈ ಬಿಗಿತ ಇನ್ನೂ ಹೆಚ್ಚು. ನೋವು ಸಾಮಾನ್ಯವಾಗಿ ಮೊದಲ ಮೂರು ದಿನ ತೀವ್ರವಾಗಿದ್ದು ಆಮೇಲೆ ಇಳಿಯತೊಡಗುತ್ತದೆ, ಬಾವು ಇಳಿಯಲು ವಾರಗಳು ಬೇಕು, ಸ್ನಾಯು ಸಡಿಲಗೊಂಡು ಸ್ತನದ ಕೆಳಭಾಗ ತುಂಬಿಕೊಳ್ಳಲು ಆರು ವಾರದಿಂದ ಮೂರು ತಿಂಗಳು ಹಿಡಿಯುತ್ತದೆ. ಎರಡು ಬದಿಗಳೂ ಒಂದೇ ವೇಗದಲ್ಲಿ ಇಳಿಯುವುದು ಅಪರೂಪ. ಆದ್ದರಿಂದ ಮೂರು ತಿಂಗಳಿಗೆ ಮುಂಚೆ ಆಕಾರದ ಬಗ್ಗೆ ತೀರ್ಮಾನಕ್ಕೆ ಬರಬೇಡಿ.

ಸ್ಪರ್ಶದ ವ್ಯತ್ಯಾಸಕ್ಕೆ ಕಾರಣ, ಪಕ್ಕೆಲುಬುಗಳ ನಡುವಿನಿಂದ ತೊಟ್ಟಿಗೆ ಬರುವ ನರಗಳು ಎಳೆತಕ್ಕೆ ಸಿಕ್ಕಿರುವುದು. ಕೆಲವೊಮ್ಮೆ ಕರೆಂಟ್ ಹೊಡೆದಂತೆ ಕ್ಷಣಮಾತ್ರದ ಚುಚ್ಚು ಬರಬಹುದು. ಅದು ಹೆಚ್ಚಾಗಿ ನರಗಳು ಚೇತರಿಸಿಕೊಳ್ಳುತ್ತಿರುವುದರ ಲಕ್ಷಣ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಸ್ಪರ್ಶ ಮರಳುತ್ತದೆ, ಕೆಲವರಿಗೆ ಸ್ವಲ್ಪ ಭಾಗದ ಮರಗಟ್ಟುವಿಕೆ ಶಾಶ್ವತವಾಗಿ ಉಳಿಯುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲೇ ಹೇಳಬೇಕಾದ ಮಾತಿದು.

ಅಳುವಿನ ಬಗ್ಗೆ ಬರೆದದ್ದು ಒಳ್ಳೆಯದಾಯಿತು. ಅರಿವಳಿಕೆ, ನೋವಿನ ಮಾತ್ರೆ, ನಿದ್ದೆಗೇಡು ಮೂರೂ ಮನಸ್ಸನ್ನು ಕುಗ್ಗಿಸುತ್ತವೆ. ಕನ್ನಡಿಯಲ್ಲಿ ಕಾಣುವ ಬಾತ ದೇಹ ತಾನು ಬಯಸಿದ್ದಲ್ಲ ಎನ್ನಿಸುವುದೂ ಸಹಜವೇ. ಮನೆಯವರಿಗೆ ಹೇಳದೆ ಮಾಡಿಸಿಕೊಂಡವರು ಇದನ್ನು ಒಬ್ಬರೇ ನುಂಗಿಕೊಳ್ಳುತ್ತಾರೆ. ಎರಡು ಮೂರು ವಾರ ಕಳೆದರೂ ಮನಸ್ಸು ತಿಳಿಯಾಗದಿದ್ದರೆ, ಊಟ ನಿದ್ದೆ ಸೇರದಿದ್ದರೆ ವೈದ್ಯರಿಗೆ ತಿಳಿಸಿ.

ಇವೆಲ್ಲ ಕಾಯಬಹುದಾದ ತೊಂದರೆಗಳು. ಒಂದೇ ಬದಿಯ ಸ್ತನ ಗಂಟೆಗಳೊಳಗೆ ಊದಿ, ಬಿಗಿದು, ನೋವು ಏರುತ್ತಾ ಹೋದರೆ ಮಾತ್ರ ಕಾಯಲೇಬಾರದು. ಒಳಗೆ ರಕ್ತ ಶೇಖರವಾಗುತ್ತಿರಬಹುದು. ಇದು ಹೆಚ್ಚಾಗಿ ಮೊದಲ ದಿನವೇ ಆಗುತ್ತದಾದರೂ ನಂತರದ ದಿನಗಳಲ್ಲೂ ಆಗಬಹುದು. 38 ಡಿಗ್ರಿ ಸೆಲ್ಸಿಯಸ್ (100.4 ಡಿಗ್ರಿ ಫ್ಯಾರನ್‌ಹೀಟ್) ಮೀರಿದ ಜ್ವರ, ಹರಡುತ್ತಿರುವ ಕೆಂಪು, ಗಾಯದಿಂದ ಕೀವು ಸೋಂಕನ್ನು ಸೂಚಿಸುತ್ತವೆ. ಒಂದು ಕಾಲಿನ ಮೀನಖಂಡದಲ್ಲಿ ನೋವು ಮತ್ತು ಊತ, ಇದ್ದಕ್ಕಿದ್ದಂತೆ ಉಸಿರಾಟದ ತೊಂದರೆ ರಕ್ತ ಹೆಪ್ಪುಗಟ್ಟಿರುವುದರ ಲಕ್ಷಣವಾಗಿರಬಹುದು. ಇವುಗಳಲ್ಲಿ ಯಾವುದು ಕಂಡರೂ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ಉತ್ತರಕ್ಕೆ ಕಾಯುತ್ತಾ ಕೂರದೆ, ಸರಿರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನನ್ನ ಮಗಳು ಬೆಂಗಳೂರಿನಲ್ಲಿ ಇದೇ ಆಪರೇಷನ್ ಮಾಡಿಸಿಕೊಂಡು ಆರೈಕೆಗೆಂದು ನಮ್ಮಲ್ಲಿಗೆ ಬಂದಿದ್ದಾಳೆ. ನನಗೆ ಇಷ್ಟವಿರಲಿಲ್ಲ, ಆ ಮಾತು ಈಗ ಬೇಡ. ಬದನೆಕಾಯಿ, ಕುಂಬಳಕಾಯಿ ನಂಜೆಂದು ಕೊಡುತ್ತಿಲ್ಲ. ಗಾಯಕ್ಕೆ ಅರಿಶಿನ ಹಚ್ಚಬಹುದೇ? ಎರಡು ವರ್ಷದ ಮಗುವನ್ನು ಎತ್ತಿಕೊಳ್ಳಬೇಡವೆಂದರೆ ಕೇಳುವುದಿಲ್ಲ. ಏನೇನು ಕೆಲಸ ಮಾಡಬಹುದು?
– ಓದುಗರು, ದಾವಣಗೆರೆ

ಉತ್ತರ: ತಾಯಿ, ‘ಆ ಮಾತು ಈಗ ಬೇಡ’ ಎಂದಿರಲ್ಲ, ಅರ್ಧ ಆರೈಕೆ ಅಲ್ಲಿಯೇ ಆಯಿತು. ಬದನೆ, ಕುಂಬಳದಿಂದ ಗಾಯ ಕೀವಾಗುವುದಿಲ್ಲ. ಗಾಯ ಮಾಯಲು ಪ್ರೋಟೀನು ಬೇಕು. ಬೇಳೆ, ಮೊಳಕೆಕಾಳು, ಹಾಲು, ಮೊಸರು, ತಿನ್ನುವವರಾದರೆ ಮೊಟ್ಟೆ ಧಾರಾಳವಾಗಿ ಕೊಡಿ. ಬಲವಾದ ನೋವಿನ ಮಾತ್ರೆಗಳಿಂದ ಮಲಬದ್ಧತೆಯಾಗುತ್ತದೆ, ತಿಣುಕಿದರೆ ಎದೆಗೂ ಒತ್ತಡ ಬೀಳುತ್ತದೆ. ಹಾಗಾಗಿ ನೀರು, ಸೊಪ್ಪು, ಹಣ್ಣು ಹೆಚ್ಚಿರಲಿ. ಗಾಯಕ್ಕೆ ಅರಿಶಿನ, ಎಣ್ಣೆ ಯಾವುದೂ ಬೇಡ. ಎಣ್ಣೆಸ್ನಾನದ ಆಸೆಯಿದ್ದರೆ ಸರ್ಜನ್ ಒಪ್ಪಿದ ಮೇಲೆ ನೋಡೋಣ.

ಹಾಸಿಗೆಯಿಂದ ಏಳಿಸುವಾಗ ಅವಳ ಕೈ ಹಿಡಿದು ಎಳೆಯಬೇಡಿ. ಅವಳು ಎರಡೂ ಕಾಲು ಕೆಳಗಿಳಿಸಲಿ, ನೀವು ಬೆನ್ನಿನ ಹಿಂದೆ ಕೈಯಿಟ್ಟು ಮೆಲ್ಲಗೆ ಎಬ್ಬಿಸಿ. ಕೈಯೂರಿ ಏಳುವಾಗಲೇ ಎದೆಯ ಸ್ನಾಯು ಹೆಚ್ಚು ನೋಯುವುದು. ಮೊದಲ ಕೆಲವು ವಾರ ಬೆನ್ನ ಹಿಂದೆ ಎರಡು ಮೂರು ದಿಂಬಿಟ್ಟು, ತಲೆ ಎದೆ ಎತ್ತರದಲ್ಲಿರುವಂತೆ ಅಂಗಾತ ಮಲಗುವುದು ಒಳ್ಳೆಯದು. ಮನೆಯೊಳಗೆ ಮೊದಲ ದಿನದಿಂದಲೇ ಓಡಾಡಬೇಕು, ಇಡೀ ದಿನ ಮಲಗಿಸಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ತಟ್ಟೆ ಹಿಡಿಯುವುದು, ಸೊಪ್ಪು ಬಿಡಿಸುವುದು ಸರಿ. ಹಿಟ್ಟು ನಾದುವುದು, ರೊಟ್ಟಿ ತಟ್ಟುವುದು, ಬಿಂದಿಗೆ ಎತ್ತುವುದು, ಎತ್ತರದ ತಂತಿಗೆ ಬಟ್ಟೆ ಹಾಕುವುದು ಆರು ವಾರ ಬೇಡ. ತಲೆ ಬಾಚಿ ಜಡೆ ಹಾಕುವ ಕೆಲಸ ಸ್ವಲ್ಪ ದಿನ ನಿಮ್ಮದೇ. ಮುಂದೆ ಗುಂಡಿಯಿರುವ ನೈಟಿ ಅನುಕೂಲ, ಒಳಗೆ ಸರ್ಜನ್ ಸೂಚಿಸಿದ, ತಂತಿಯಿಲ್ಲದ ಬ್ರಾ.

ಎರಡು ವರ್ಷದ ಮಗು ಹನ್ನೊಂದು ಹನ್ನೆರಡು ಕಿಲೋ ತೂಗುತ್ತದೆ. ಅವಳಿಗೆ ಈಗ ಎರಡು ಕಿಲೋ ಮೀರಬಾರದು. ಅವಳು ಕುಳಿತಿರಲಿ, ನೀವು ಮಗುವನ್ನು ತಂದು ಪಕ್ಕಕ್ಕೆ ಕೂರಿಸಿ. ಎತ್ತಬೇಡವೆನ್ನುವುದಕ್ಕಿಂತ ಇದು ಸುಲಭವಾಗಿ ನಡೆಯುತ್ತದೆ. ಮರಳಿ ಬೆಂಗಳೂರಿಗೆ ಹೊರಟಾಗ ಬಸ್ಸಿಗಿಂತ ರೈಲು ಮೇಲು, ಬ್ಯಾಗು ಬೇರೆಯವರು ಹೊರಲಿ. ಸ್ಕೂಟರ್ ಹತ್ತುವುದು ಸರ್ಜನ್ ಒಪ್ಪಿದ ಮೇಲೆಯೇ.

ಪ್ರಶ್ನೆ: ನಾಲ್ಕನೆಯ ವಾರದಲ್ಲಿ ಬಲಸ್ತನದ ಕೆಳಗೆ ಹೊಟ್ಟೆಯ ಕಡೆಗೆ ಹುರಿಯಂಥದು ಕೈಗೆ ಸಿಗುತ್ತಿದೆ, ಕೈ ಎತ್ತಿದರೆ ಎಳೆಯುತ್ತದೆ. ಶಾಖ ಕೊಡಲೇ? ಆಸ್ಪತ್ರೆಯವರು ಕೊಟ್ಟ ಇಂಪ್ಲಾಂಟ್ ಕಾರ್ಡನ್ನು ಇಟ್ಟುಕೊಳ್ಳಬೇಕೇ?
– ಓದುಗರು, ಮೈಸೂರು

ಉತ್ತರ: ಚರ್ಮದ ಕೆಳಗಿನ ರಕ್ತನಾಳವೊಂದು ಗಟ್ಟಿಯಾದಾಗ ಹೀಗಾಗುತ್ತದೆ, ಇದಕ್ಕೆ ಮಾಂಡೋರ್ ಕಾಯಿಲೆ ಎನ್ನುತ್ತಾರೆ. ಹೆಚ್ಚಾಗಿ ಕೆಲವೇ ವಾರಗಳಲ್ಲಿ ತಾನಾಗಿ ಕರಗುತ್ತದೆ, ಆದರೂ ಮುಂದಿನ ಭೇಟಿಯಲ್ಲಿ ಸರ್ಜನ್‌ಗೆ ತೋರಿಸಿ. ಬಿಸಿನೀರಿನ ಚೀಲ ಮಾತ್ರ ಇಡಬೇಡಿ: ಮರಗಟ್ಟಿದ ಚರ್ಮ ಸುಟ್ಟರೂ ನಿಮಗೆ ಗೊತ್ತಾಗದು.

ಕಾರ್ಡನ್ನು ಆಧಾರ್ ಜೊತೆಗೇ ಇಡಿ. ಇಂಪ್ಲಾಂಟಿನ ಕಂಪನಿ, ಅಳತೆ, ಸರಣಿ ಸಂಖ್ಯೆ ಅದರಲ್ಲಿರುತ್ತವೆ. ಒರಟು ಮೇಲ್ಮೈಯ ಕೆಲವು ಇಂಪ್ಲಾಂಟುಗಳಿಗೂ ಒಂದು ಅಪರೂಪದ ಲಿಂಫೋಮಾ ಕ್ಯಾನ್ಸರಿಗೂ ಸಂಬಂಧ ಕಂಡುಬಂದದ್ದರಿಂದ 2019ರಲ್ಲಿ ಅಲರ್ಗನ್ ಕಂಪನಿ ಜಗತ್ತಿನಾದ್ಯಂತ ಅವುಗಳನ್ನು ಹಿಂತೆಗೆದುಕೊಂಡಾಗ, ತಮ್ಮದು ಯಾವುದೆಂದು ತಿಳಿಯಲು ಜನರಿಗೆ ನೆರವಾದದ್ದು ಇಂಥ ದಾಖಲೆಗಳೇ. ನಿಮ್ಮದು ಸಿಲಿಕೋನ್ ಆಗಿದ್ದರೆ, ತೊಂದರೆಯಿಲ್ಲದಿದ್ದರೂ ಶಸ್ತ್ರಚಿಕಿತ್ಸೆಯಾದ 5ರಿಂದ 6 ವರ್ಷಕ್ಕೆ ಮೊದಲ ಬಾರಿ, ಆನಂತರ 2ರಿಂದ 3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕೆಂಬುದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಲಹೆ. ಮುಂದೆ ಮ್ಯಾಮೊಗ್ರಾಂಗೆ (ಸ್ತನದ ಎಕ್ಸ್-ರೇ) ಹೋದಾಗಲೂ ಇಂಪ್ಲಾಂಟ್ ಇದೆಯೆಂದು ಮೊದಲೇ ತಿಳಿಸಿ.