ಶಾಣ್ಯಾಕಿಯ ಹೊಟ್ಟೆನೋವು

(ಹೆಸರು, ಕೆಲವು ವಿವರ ಬದಲಿಸಿದ್ದೇನೆ.)

"ಮಗ ಕೈ ಮೀರ್ಯಾನ್ರಿ ಮೇಡಂ. ನೀವರ ಬುದ್ಧಿ ಹೇಳ್ರಿ."

ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬಾಗಲಕೋಟೆ ನವನಗರದ ತಂದೆಯೊಬ್ಬರು ಮಾತು ಶುರು ಮಾಡಿದ್ದು ಹೀಗೆ. ಪ್ರಕಾಶನಿಗೆ 15 ವರ್ಷ. ಶಾಲೆಯಲ್ಲಿ ಮೂರು ಸಲ ಹೊಡೆದಾಟ, ಜೇಬಲ್ಲಿ ಗುಟಖಾ ಚೀಟು. ಅವನ ಅವಳಿ ಅಕ್ಕ ಸುಮಾ ಬಾಗಿಲ ಪಕ್ಕ ಕೂತಿದ್ದಳು. "ಆಕೀದೇನೂ ತಕರಾರಿಲ್ರಿ. ಶಾಣ್ಯಾಕಿ. ಒಂದ್ ಮಾತ್ ಆಡಂಗಿಲ್ಲ. ಹೊಟ್ಟಿನೋವು ಅಂತಾಳ, ಅಷ್ಟ" ಎಂದರು ತಾಯಿ. ನನಗೆ ಹುಡುಗನಿಗಿಂತ ಆ ಮಾತೇ ಜಾಸ್ತಿ ಕಾಡಿತು.

ಇವರದು ರಬಕವಿ-ಬನಹಟ್ಟಿ ಕಡೆಯ ನೇಕಾರ ಮನೆತನ. ಮಗ್ಗ ನಿಂತಿತು, ತಂದೆ ಇಲ್ಲಿ ಬಟ್ಟೆ ಅಂಗಡಿ ಸೇರಿದರು. ಮಕ್ಕಳು 9ನೇ ತರಗತಿಗೆ ಹೊಸ ಶಾಲೆಗೆ ಬಂದರು. ಪ್ರಕಾಶನನ್ನು ಹುಡುಗರು "ಲೇ ಮಗ್ಗ" ಎಂದೇ ಕರೆಯುತ್ತಿದ್ದರು. ಸುಮಾಗೆ ಯಾರೂ ಏನೂ ಅನ್ನಲಿಲ್ಲ. ಅವಳು ಬಂದು ಕೂತರೆ ಡಬ್ಬಿ ಎತ್ತಿಕೊಂಡು ಬೇರೆ ಬೆಂಚಿಗೆ ಹೋಗುತ್ತಿದ್ದರು, ಅಷ್ಟೇ. ವಾಟ್ಸಾಪ್ ಗ್ರೂಪಿನಿಂದಲೂ ತೆಗೆದಿದ್ದರು.

ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿಸಿದೆ. "ಮುಂಜಾನೆ ಏಳೂದ ಬ್ಯಾಡ ಅನಸ್ತದ್ರಿ" ಎಂದಳು ಸುಮಾ. ಸಾಯಬೇಕು ಅನಿಸುತ್ತಾ ಅಂತ ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ಸುಳ್ಳು. ಎರಡು ಸಲ ಅನಿಸಿತ್ತಂತೆ. ಇದನ್ನು ನಾನು ಗುಟ್ಟಾಗಿ ಇಡುವಂತಿಲ್ಲ ಎಂದು ಅವಳಿಗೆ ಹೇಳಿಯೇ ತಾಯಿಯನ್ನು ಒಳಗೆ ಕರೆದೆ. ಮಗನಿಗೆ ಬುದ್ಧಿ ಹೇಳಿಸಲು ಬಂದವರು ಅವತ್ತೇ ಮಗಳನ್ನು ಮನೋವೈದ್ಯರ ಹತ್ತಿರ ಕರೆದೊಯ್ದರು.

ಪ್ರಕಾಶನ ಮೂರನೇ ಹೊಡೆದಾಟ ಅಕ್ಕನನ್ನು ನೋಡಿ ನಕ್ಕವನ ಜೊತೆ. ಮನೆಯಲ್ಲಿ ಅದನ್ನು ಹೇಳಿರಲಿಲ್ಲ. "ಗಂಡಸಮಗ ಅಳಬಾರ್ದಂತ್ರಿ" ಎನ್ನುತ್ತಲೇ ಅತ್ತ.

ಈ ವಯಸ್ಸಿನಲ್ಲಿ ಭಾವನೆಯ ಮಿದುಳು ಮುಂದೆ ಓಡುತ್ತಿರುತ್ತದೆ. ಲಗಾಮು ಹಿಡಿಯುವ ಮುಂಭಾಗ ಪೂರ್ತಿ ಬಲಿಯುವ ಹೊತ್ತಿಗೆ ಸುಮಾರು 25 ವರ್ಷ. ಗೆಳೆಯರು ಹೊರಗಿಟ್ಟರೆ ದೇಹ ಅದನ್ನು ಅಪಾಯವೆಂದೇ ಎಣಿಸಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಏರಿಸುತ್ತದೆ. ಅದು ದಿನವೂ ನಡೆದರೆ ನಿದ್ದೆ, ಹಸಿವು, ಓದು ಎಲ್ಲಾ ಕೆಡುತ್ತವೆ. ಮೈನೆರೆದ ಮೇಲೆ ಖಿನ್ನತೆ ಹುಡುಗಿಯರಲ್ಲಿ ಹುಡುಗರಿಗಿಂತ ಸುಮಾರು ಎರಡು ಪಟ್ಟು ಕಾಣುತ್ತದೆ. ಹುಡುಗರಲ್ಲಿ ಅದು ಎಷ್ಟೋ ಸಲ ಸಿಟ್ಟಿನ ವೇಷದಲ್ಲಿ ಬರುತ್ತದೆ, ನಾವು ಉಡಾಳತನ ಅಂದುಬಿಡುತ್ತೇವೆ. ಹಾಗಂತ ಇದು ಗೆರೆ ಹೊಡೆದ ಹಾಗಲ್ಲ. ಸುಮ್ಮನಾಗುವ ಹುಡುಗರೂ, ಜಗಳಕ್ಕೆ ನಿಲ್ಲುವ ಹುಡುಗಿಯರೂ ನನ್ನಲ್ಲಿ ಬಂದಿದ್ದಾರೆ.

ಮನೆಯವರಿಗೆ ನಾನು ಹೇಳಿದ್ದು ಕಡಿಮೆ. "ಅಕ್ಕನ್ನ ನೋಡಿ ಕಲಿ" ಅನ್ನುವುದನ್ನು ಇವತ್ತಿಗೇ ಬಿಡಿ. ರಾತ್ರಿ ರೊಟ್ಟಿ ಎಲ್ಲರೂ ಕೂಡಿ ತಿನ್ನಿ, ಆ ಹೊತ್ತಿಗೆ ಮಾರ್ಕ್ಸ್ ಮಾತು ಬೇಡ. ಮಲಗುವಾಗ ಫೋನು ಅಡುಗೆಮನೆಯಲ್ಲಿರಲಿ, ನಿಮ್ಮದೂ. ಸದ್ಯ ಸುಮಾಳನ್ನು ಒಂಟಿ ಬಿಡಬೇಡಿ, ಮನೆಯ ಕೀಟನಾಶಕ, ಮಾತ್ರೆ ಬೀಗದೊಳಗಿಡಿ. ರಾತ್ರಿ ಹೊತ್ತು ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಶಾಲೆಯ ಟೀಚರ್ ಜೊತೆ ನಾನೇ ಮಾತಾಡಿದೆ. ಎಲ್ಲರೂ ಗೆಳೆಯರಾಗಬೇಕಿಲ್ಲ, ಊಟಕ್ಕೆ ಒಬ್ಬಳು ಜೊತೆಯಾದರೆ ಸಾಕು ಅಂದೆ. ಗುಟಖಾ ವಿಷಯ ಪ್ರಕಾಶನ ಜೊತೆ ಇನ್ನೂ ನಡೆದಿದೆ, ಒಂದೇ ಮಾತಿಗೆ ಬಿಡುವಂಥದ್ದಲ್ಲ.

ಐದನೇ ಭೇಟಿಗೆ ತಾಯಿ ಹೊಸ ದೂರು ತಂದರು. "ಮೊನ್ನಿ ರಿಮೋಟಿಗೆ ಇಬ್ಬರೂ ಜಗಳ ಆಡಿದ್ರಿ. ಈಗ ಆಕೀನೂ ಒದರಾಕ ಹತ್ಯಾಳ."

ಫೈಲಿನಲ್ಲಿ ಅದನ್ನು ಸುಧಾರಣೆ ಕಾಲಮ್ಮಿನಲ್ಲಿ ಬರೆದುಕೊಂಡೆ.