ಅಮೆರಿಕದ ನೇಲ್ ಸಲೂನ್‌ಗಳಲ್ಲಿ ವಿಯೆಟ್ನಾಂ ಹೆಂಗಸರೇ ಜಾಸ್ತಿ ಯಾಕೆ?

ಇದರ ಶುರು 1975ರಲ್ಲಿ. ಯುದ್ಧದಲ್ಲಿ ದಕ್ಷಿಣ ವಿಯೆಟ್ನಾಂ ರಾಜಧಾನಿ ಸೈಗಾನ್ ಕಮ್ಯುನಿಸ್ಟರ ವಶವಾದ ಮೇಲೆ ಅಲ್ಲಿನ ಸಾವಿರಾರು ಕುಟುಂಬಗಳು ಅಮೆರಿಕಕ್ಕೆ ಬಂದವು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕಡೆಯ ಒಂದು ನಿರಾಶ್ರಿತರ ಶಿಬಿರಕ್ಕೆ ನಟಿ ಟಿಪ್ಪಿ ಹೆಡ್ರನ್ ಹೋಗುತ್ತಿದ್ದರು. ಶಿಬಿರದ ಹೆಂಗಸರಿಗೆ ಈ ನಟಿಯ ಉಗುರುಗಳ ಮೇಲೇ ಕಣ್ಣು. ಅದನ್ನು ಕಂಡ ಹೆಡ್ರನ್, ತಮಗೆ ಮ್ಯಾನಿಕ್ಯೂರ್ (ಉಗುರಿನ ಆರೈಕೆ, ಅಲಂಕಾರ) ಮಾಡುವವರನ್ನೇ ಕರೆಸಿ ಸುಮಾರು 20 ಮಂದಿಗೆ ಕೆಲಸ ಕಲಿಸಿದರು.

ಆದರೆ ಸುಮ್ನೆ ನಟಿಯ ಕಥೆ ಹೇಳಿದರೆ ಅರ್ಧ ಉತ್ತರ ಅಷ್ಟೇ. ಈ ಕೆಲಸಕ್ಕೆ ಜಾಸ್ತಿ ಇಂಗ್ಲಿಷ್ ಬೇಡ. ತರಬೇತಿ ಕೆಲವೇ ತಿಂಗಳು. ಅಂಗಡಿ ಹಾಕಲು ದೊಡ್ಡ ಬಂಡವಾಳವೂ ಬೇಡ. ಅಕ್ಕ ಕಲಿತರೆ ತಂಗಿಗೆ, ನಾದಿನಿಗೆ ಕಲಿಸುತ್ತಾಳೆ. ಅವರ ಮೊದಲ ಕೆಲಸವೂ ಅಕ್ಕನ ಅಂಗಡಿಯಲ್ಲೇ. ಉಳ್ಳವರ ಶೋಕಿಯಾಗಿದ್ದ ಮ್ಯಾನಿಕ್ಯೂರ್ ಇವರಿಂದಲೇ ಅಗ್ಗವಾಯಿತು. ಇಂದು ಅಲ್ಲಿ ಈ ಕೆಲಸ ಮಾಡುವವರಲ್ಲಿ ಅರ್ಧಕ್ಕಿಂತ ಜಾಸ್ತಿ ವಿಯೆಟ್ನಾಂ ಮೂಲದವರು.

ಹಾಗಂತ ಸುಖದ ಕೆಲಸವಲ್ಲ. ಪೈಪೋಟಿಯಿಂದ ಸಂಪಾದನೆ ಕಡಿಮೆ, ದಿನವಿಡೀ ಟಾಲುಯೀನ್, ಫಾರ್ಮಾಲ್ಡಿಹೈಡ್‌ನಂಥ ರಾಸಾಯನಿಕಗಳ ಘಾಟು ಬೇರೆ. ಜೊತೆಯವರೊಡನೆ ತಮ್ಮದೇ ಭಾಷೆ ನಡೆಯುವುದರಿಂದ ಇಂಗ್ಲಿಷ್ ಅಷ್ಟಾಗಿ ಬೆಳೆಯುವುದಿಲ್ಲ. ಆಮೇಲೆ ಬೇರೆ ಕೆಲಸ ಹಿಡಿಯುವುದು ಕಷ್ಟ ಅಲ್ವಾ? ಆದರೂ ಹೆಂಗಸರಷ್ಟೇ ಅಲ್ಲ, ಎಷ್ಟೋ ಗಂಡಂದಿರೂ ಹೆಂಡತಿಯಿಂದಲೇ ಕಲಿತು ಪಕ್ಕದ ಕುರ್ಚಿಯಲ್ಲಿ ಕೂತರು.